ಇಟಿಎಫ್: ಬುಟ್ಟಿಯಲ್ಲಿ ಏನಿದೆ?

ಹುಣಸೂರು, ಪಿರಿಯಾಪಟ್ಟಣಗಳಲ್ಲಿ ಹೊಗೆಸೊಪ್ಪಿನ ಹರಾಜು ಮುಗಿದಾಗ, ಕೆ.ಆರ್. ನಗರದಲ್ಲಿ ಭತ್ತದ, ಎಚ್.ಡಿ. ಕೋಟೆಯಲ್ಲಿ ಹತ್ತಿಯ ಹಣ ಕೈಸೇರಿದಾಗ ನಮ್ಮ ಕುಟುಂಬಗಳ ಮುಂದಿರುವ ಪ್ರಶ್ನೆ ಒಂದೇ: ಉಳಿದದ್ದನ್ನು ಬಡ್ಡಿಯ ಸೋಂಕಿಲ್ಲದೆ ಎಲ್ಲಿ ತೊಡಗಿಸುವುದು? ಇದಕ್ಕೆ ‘ಹಲಾಲ್’ ಎಂಬ ಹೆಸರಿನಲ್ಲಿ ಉತ್ತರ ಕೊಟ್ಟಿದ್ದ ಬೆಂಗಳೂರಿನ ಐಎಂಎ 2019ರ ಜೂನ್‌ನಲ್ಲಿ ಕುಸಿಯಿತು. ಸಾವಿರಾರು ಮುಸ್ಲಿಮ್ ಕುಟುಂಬಗಳ ಉಳಿತಾಯ ಅದರಲ್ಲಿ ಮುಳುಗಿತು. ನಷ್ಟವೇ ಇಲ್ಲದೆ ತಿಂಗಳು ತಿಂಗಳೂ ಬರುವ ಲಾಭ ಅದೆಂತಹ ವ್ಯಾಪಾರದ್ದೆಂದು ಕೇಳಿದವರು ಕಡಿಮೆ.

ಇಟಿಎಫ್‌ನ ಬಗೆ ಬೇರೆ. ಹಲವು ಕಂಪನಿಗಳ ಷೇರುಗಳನ್ನು ಒಂದೇ ಬುಟ್ಟಿಗೆ ಹಾಕಿ, ಅದರ ಸಣ್ಣ ಪಾಲುಗಳನ್ನು ಷೇರುಪೇಟೆಯಲ್ಲಿ ಮಾರಲಾಗುತ್ತದೆ. ಕೊಂಡ ಪಾಲು ನಮ್ಮ ಡಿಮ್ಯಾಟ್ ಖಾತೆಯಲ್ಲಿರುತ್ತದೆ, ಬುಟ್ಟಿಯಲ್ಲಿರುವುದು ಬಹಿರಂಗ, ಮೇಲ್ವಿಚಾರಣೆ ಸೆಬಿಯದು. ಬೆಲೆ ಇಳಿಯುವುದೂ ಉಂಟು. ಅದನ್ನು ಮೊದಲೇ ಹೇಳುವುದರಿಂದಲೇ ನಮಗೆ ಇದರಲ್ಲಿ ಹೆಚ್ಚು ನಂಬಿಕೆ.

ಆದರೆ ಎಲ್ಲ ಬುಟ್ಟಿಗಳೂ ನಮಗೆ ಸಲ್ಲುವುದಿಲ್ಲ. ನಿಫ್ಟಿ 50ರಲ್ಲಿ ಬ್ಯಾಂಕುಗಳ ಪಾಲು ದೊಡ್ಡದು. ಸಿಗರೇಟಿನ ಐಟಿಸಿಯೂ ಇದೆ. (ನಮ್ಮ ಹೊಲಗಳ ಸೊಪ್ಪೂ ಸಿಗರೇಟಿಗೇ ಹೋಗುತ್ತದೆಂಬುದು ಬೇರೆಯಾಗಿಯೇ, ಇನ್ನೂ ನಿಷ್ಠುರವಾಗಿ ಚರ್ಚಿಸಬೇಕಾದ ವಿಷಯ.) ಇಂಥವನ್ನು ಸೋಸಿ ತೆಗೆದ ನಿಫ್ಟಿ 50 ಶರೀಅ ಸೂಚ್ಯಂಕವನ್ನು ಅನುಸರಿಸುವ ‘ಶರೀಅ ಬೀಸ್’ ಇಟಿಎಫ್ 2009ರಿಂದಲೂ ಇದೆ, ಈಗ ಅದನ್ನು ನಿಪ್ಪಾನ್ ಇಂಡಿಯಾ ನಡೆಸುತ್ತಿದೆ. ಅದರ ಕೊಡುಕೊಳ್ಳುವಿಕೆ ಕಡಿಮೆ. ಮಾರುವ ದಿನ ತಕ್ಕ ಬೆಲೆ ಸಿಗದಿರಬಹುದು. ಮಗಳ ಮದುವೆಗೋ ಮುಂದಿನ ಬೆಳೆಗೋ ಬೇಕಾದ ಹಣವನ್ನು ಇದರಲ್ಲಿ ತೊಡಗಿಸಬಾರದು. ಸೋಸಿದ ಕಂಪನಿಗಳಿಗೂ ಅಲ್ಪಸ್ವಲ್ಪ ಬಡ್ಡಿ ಆದಾಯವಿರಬಹುದು. ಆ ಅಂಶವನ್ನು ಲೆಕ್ಕಹಾಕಿ, ಪುಣ್ಯದ ನಿರೀಕ್ಷೆಯಿಲ್ಲದೆ ಬಡವರಿಗೆ ಕೊಟ್ಟುಬಿಡಬೇಕೆಂದು ವಿದ್ವಾಂಸರು ಹೇಳುತ್ತಾರೆ. ಅದು ಝಕಾತ್ ಅಲ್ಲ. ಝಕಾತಿನ ಲೆಕ್ಕ ಬೇರೆಯೇ ಇದೆ.