ಪೆಟ್ಟಿಗೆಯ ಬೀಗದ ಕೈ



ಆನವಟ್ಟಿಯಲ್ಲಿ ಸಂಘದ ಸಭೆ ಮುಗಿದ ಮೇಲೆ ಸದಸ್ಯೆಯೊಬ್ಬರು ತಮ್ಮ ಅಜ್ಜಿಯ ಗಂಧದ ಪೆಟ್ಟಿಗೆ ತಂದು ತೋರಿಸಿದರು. ಮುಚ್ಚಳದ ನಡುವೆ ಕೃಷ್ಣ, ಸುತ್ತ ಒಂದರೊಳಗೊಂದು ಹೆಣೆದ ಬಳ್ಳಿ, ಮೂಲೆಯಲ್ಲೊಂದು ಸಿಂಹ. ಆ ಸಿಂಹ ನಮ್ಮ ಗುಡಿಗಳಲ್ಲಿ ಕಾಣುವಂಥದ್ದಲ್ಲ. "ಇದು ಯಾವೂರಿನ ಸಿಂಹ ಅಕ್ಕಾ?" ಎಂದು ಕೇಳಿದರು.

ಅದು ಗುಡಿಗಾರರ ಕೆಲಸ. ಸೊರಬ, ಸಾಗರದ ಈ ಕುಶಲಕರ್ಮಿಗಳ ಹಿರಿಯರು ಗೋವೆಯಿಂದ ಬಂದವರೆಂಬ ಮಾತಿದೆ. ನಮ್ಮ ಮದುವೆಗಳ ಬಾಸಿಂಗವೂ ಅವರದೇ ಕೈಕೆಲಸ. ಬ್ರಿಟಿಷರ ಕಾಲದಲ್ಲಿ ದೊರೆಗಳ ಮನೆಗೂ ಪೆಟ್ಟಿಗೆ ಮಾಡಿಕೊಟ್ಟರು. ಯುರೋಪಿನ ಚಿತ್ರಗಳನ್ನು ತಮ್ಮ ವಿನ್ಯಾಸದೊಡನೆ ಬೆರೆಸುತ್ತಿದ್ದರು, ವ್ಯಾಪಾರದ ಚೀಟಿಯ ಮೇಲಿನ ಒರಟು ಚಿತ್ರ ಸಿಕ್ಕರೂ ಸೊಗಸಾಗಿ ಕೆತ್ತುತ್ತಿದ್ದರು ಎಂದು 1909ರ ಥರ್ಸ್ಟನ್ ಗ್ರಂಥದಲ್ಲಿದೆ. ಇಂಗ್ಲಿಷರ ಲಾಂಛನವನ್ನೂ ಕೆತ್ತಿದವರು ಅವರು. ನಮ್ಮ ಸಿಂಹ ಅಲ್ಲಿಂದಲೇ ಇಳಿದು ಬಂದಿದ್ದೀತು!

ದೂರದ ಗ್ರೀಸ್‌ನಲ್ಲೂ ಮದುಮಗಳಿಗೆ ಕೆತ್ತನೆಯ ಪೆಟ್ಟಿಗೆ ಕೊಡುತ್ತಿದ್ದರು. ಅದರ ಮೇಲೆ ವೆನಿಸ್‌ನವರ, ತುರ್ಕರ ಚಿತ್ತಾರದ ಛಾಯೆ. ಒಳಗೆ ಆಕೆಯೇ ನೇಯ್ದ ಬಟ್ಟೆ. ಅಲ್ಲಿ 1983ರಲ್ಲಿ ವರದಕ್ಷಿಣೆಯ ಪದ್ಧತಿಯನ್ನೇ ಕಾನೂನಿನಿಂದ ಕಿತ್ತುಹಾಕಿದರು. ನಮ್ಮಲ್ಲಿ 1961ರಲ್ಲೇ ನಿಷೇಧವಾಯಿತು. ಆದ ಪಾಡು ನಿಮಗೆ ಗೊತ್ತೇ ಇದೆ.

ಪೆಟ್ಟಿಗೆ ತೆರೆದರೆ ಖಾಲಿ. ತವರಿನವರು ಹಾಕಿದ ಸರ, ಬಳೆ ಮೈದುನನ ಪಂಪ್‌ಸೆಟ್ಟಿಗೆಂದು ಅಡವಿಗೆ ಹೋಗಿ ಆರು ವರ್ಷವಾಗಿದೆ. "ಮನೆಯವರೇ ಅಲ್ವಾ, ಹೆಂಗೆ ಕೇಳೋದು?" ಎಂದರು. ಬೀಗದ ಕೈ ಮೊದಲಿನಿಂದಲೂ ಅತ್ತೆಯ ಸೊಂಟದಲ್ಲಿತ್ತಂತೆ.

ಕೇಳಬಹುದು. 1985ರಲ್ಲಿ ಪ್ರತಿಭಾ ರಾಣಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು ಇದನ್ನೇ: ಸ್ತ್ರೀಧನ ಹೆಂಡತಿಯದೇ ಸ್ವತ್ತು, ಗಂಡನ ಮನೆಯವರ ಬಳಿ ಇದ್ದರೆ ಅದು ನಂಬಿ ಇಟ್ಟ ವಸ್ತು, ಕೇಳಿದಾಗ ಕೊಡದಿದ್ದರೆ ಅಪರಾಧ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ಅದನ್ನು ಹಿಂದಿರುಗಿಸುವಂತೆ ಮ್ಯಾಜಿಸ್ಟ್ರೇಟರು ಆದೇಶಿಸಬಹುದು. ಆದರೆ ಕೋರ್ಟಿನಲ್ಲಿ ಮೊದಲು ಕೇಳುವುದು, "ಏನೇನು ಕೊಟ್ಟಿದ್ದರು?" ಎಂದು. 1985ರ ನಿಯಮಗಳಲ್ಲಿ ಮದುವೆಯ ಉಡುಗೊರೆಗಳ ಪಟ್ಟಿ ಬರೆಯಬೇಕೆಂದಿದೆ. ವಸ್ತು, ಅಂದಾಜು ಬೆಲೆ, ಕೊಟ್ಟವರ ಹೆಸರು, ಅವರ ಸಂಬಂಧ, ಕೆಳಗೆ ಗಂಡು ಹೆಣ್ಣು ಇಬ್ಬರ ಸಹಿ. ನಮ್ಮೂರ ಮದುವೆಗಳಲ್ಲಿ ಮುಯ್ಯಿಯ ಲೆಕ್ಕ ಪೈಸೆ ತಪ್ಪದೆ ಬರೆಯುತ್ತಾರೆ. ಈ ಪಟ್ಟಿಯನ್ನು ಬರೆದದ್ದು ನಾನಂತೂ ನೋಡಿಲ್ಲ.

ಅವರ ಮಗಳ ಮದುವೆ ಬರುವ ವೈಶಾಖದಲ್ಲಿ. ಸಂಘದ ಲೆಕ್ಕದ ಪುಸ್ತಕ ತರಿಸಿ, ಹಿಂದಿನ ಪುಟದಲ್ಲಿ ಗೆರೆ ಹಾಕಿ, ಮೊದಲ ಸಾಲಿನಲ್ಲಿ ಆ ಗಂಧದ ಪೆಟ್ಟಿಗೆಯನ್ನು ಬರೆಸಿದರು.