ಅಳಿವೆ ದಾಟಿದರೆ ಊರು

ಪರೀಕ್ಷೆ ಮುಗಿದ ಸಂಜೆ ಮನೆಯಲ್ಲಿ ಒಂದು ಅರ್ಜಿ ಸಲ್ಲಿಕೆಯಾಗುತ್ತದೆ. ಗೆಳೆಯರೆಲ್ಲ ಸೇರಿ ಗೋಕರ್ಣಕ್ಕೆ ಹೊರಟಿದ್ದಾರೆ, ಐದಾರು ದಿನ, ಬೆನ್ನಿಗೊಂದು ಚೀಲ, ಹೆಚ್ಚು ಖರ್ಚಿಲ್ಲ. ಅಮ್ಮ ಅಪ್ಪನ ಮುಖ ನೋಡುತ್ತಾರೆ. ಅಪ್ಪ ಪತ್ರಿಕೆಯನ್ನು ಇನ್ನಷ್ಟು ಮೇಲೆತ್ತಿ ಹಿಡಿಯುತ್ತಾರೆ. ಇಬ್ಬರ ಮನಸ್ಸಿನಲ್ಲೂ ಓಡುತ್ತಿರುವುದು ಒಂದೇ ಸುದ್ದಿ. 2024ರ ಡಿಸೆಂಬರಿನಲ್ಲಿ ಶಾಲಾ ಪ್ರವಾಸಕ್ಕೆಂದು ಕೋಲಾರ ಜಿಲ್ಲೆಯಿಂದ ಮುರುಡೇಶ್ವರಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಸಮುದ್ರಪಾಲಾದರು. ಕೆಲವು ದಿನ ಆ ಕಡಲತೀರವನ್ನೇ ಪ್ರವಾಸಿಗರಿಗೆ ಮುಚ್ಚಲಾಗಿತ್ತು.

ಹೆತ್ತವರ ಭಯಕ್ಕೆ ಕಾರಣವಿದೆ. ಹುಡುಗರ ಆಸೆಗೂ ಕಾರಣವಿದೆ. ಆದರೆ ಬಯಲುಸೀಮೆಯ ಮಕ್ಕಳು ಹಾಕಿಕೊಳ್ಳುವ ಪ್ರವಾಸದ ನಕ್ಷೆಯನ್ನು ನೋಡಿದರೆ ಒಂದು ಕೊರತೆ ಎದ್ದು ಕಾಣುತ್ತದೆ. ಅದರಲ್ಲಿ ಇರುವುದು ಬರೀ ಬೀಚುಗಳು. ಒಂದು ಮರಳಿನಿಂದ ಇನ್ನೊಂದು ಮರಳಿಗೆ ಬಸ್ಸಿನಲ್ಲಿ ಹೋಗುವುದು, ಫೋಟೋ ತೆಗೆಸಿಕೊಳ್ಳುವುದು, ನೀರಿಗೆ ಇಳಿಯುವುದು. ಕರಾವಳಿಯ ಹಳೆಯ ಊರುಗಳು ಆ ನಕ್ಷೆಯಲ್ಲಿ ಇರುವುದೇ ಇಲ್ಲ. ಏಕೆಂದರೆ ಅವು ಕಡಲ ದಂಡೆಯಲ್ಲಿಲ್ಲ, ಹೊಳೆಯ ದಂಡೆಯಲ್ಲಿವೆ.

ಹಾಯಿಹಡಗಿನ ಕಾಲವನ್ನು ಒಂದಿಷ್ಟು ಕಲ್ಪಿಸಿಕೊಳ್ಳಬೇಕು. ಬಯಲು ಸಮುದ್ರದ ಮರಳದಂಡೆಯಲ್ಲಿ ಹಡಗಿಗೆ ಆಸರೆ ಎಲ್ಲಿದೆ? ಗಾಳಿ ತಿರುಗಿದರೆ ಹಡಗು ದಡಕ್ಕೆ ಅಪ್ಪಳಿಸಿ ಒಡೆಯುತ್ತದೆ. ಅದಕ್ಕೇ ನಾವಿಕರು ಹೊಳೆ ಸಮುದ್ರ ಸೇರುವ ಅಳಿವೆಯ ಹೊರಗೆ ಕಾದಿದ್ದು, ಭರತ ಏರಿದಾಗ ನೀರಿನ ಜೊತೆಗೇ ಒಳಗೆ ಬರುತ್ತಿದ್ದರು. ಇಳಿತದ ನೀರಿನೊಡನೆ ಹೊರಗೆ ಹೋಗುತ್ತಿದ್ದರು. ಒಳಗೆ ಬಂದರೆ ಅಲೆಯಿಲ್ಲ, ಸಿಹಿನೀರುಂಟು, ಘಟ್ಟದಿಂದ ಇಳಿದುಬಂದ ಮೆಣಸಿನ ಮೂಟೆ ದಂಡೆಯಲ್ಲೇ ಉಂಟು. ಹೀಗಾಗಿ ಬಾರಕೂರು ಸೀತಾನದಿಯ ಮೇಲೆ, ಬಸರೂರು ವಾರಾಹಿಯ ಮೇಲೆ, ಭಟ್ಕಳ ಶರಾಬಿ ಹೊಳೆಯ ಬದಿಗೆ, ಹೊನ್ನಾವರ ಶರಾವತಿಯ ಬಾಯಲ್ಲಿ, ಮಿರ್ಜಾನ್ ಅಘನಾಶಿನಿಯ ಹಿನ್ನೀರಿನಲ್ಲಿ ಬೆಳೆದವು. ಈ ಐದು ಹೊಳೆಗಳನ್ನು ದಕ್ಷಿಣದಿಂದ ಉತ್ತರಕ್ಕೆ ಒಂದೊಂದಾಗಿ ದಾಟುತ್ತ ಹೋದರೆ ಅದೇ ಒಂದು ವಾರದ ಪ್ರವಾಸ.

ಶುರು ಬಾರಕೂರಿನಿಂದ ಆಗಲಿ. ಆಳುಪರ ರಾಜಧಾನಿಯಾಗಿದ್ದ ಊರು. ಮುಂದೆ ವಿಜಯನಗರದ ಕಾಲದಲ್ಲಿ ಬಾರಕೂರು ರಾಜ್ಯದ ಕೇಂದ್ರ. ಚೌಳಿಕೇರಿ, ಕೋಟೆಕೇರಿ, ಮಣಿಗಾರಕೇರಿ ಎಂದು ಇಂದಿಗೂ ಕೇರಿಗಳ ಹೆಸರಿನಲ್ಲೇ ಊರು ಉಳಿದಿದೆ. ದಿನಕ್ಕೊಂದರಂತೆ 365 ದೇವಾಲಯಗಳಿದ್ದವು ಎನ್ನುವುದು ಊರವರ ಮಾತು. ಎಣಿಸಲು ಹೋಗುವುದು ಬೇಡ. ಕತ್ತಲೆ ಬಸದಿಯ ಆವರಣದಲ್ಲಿ ಅರ್ಧ ಗಂಟೆ ಸುಮ್ಮನೆ ಕುಳಿತರೆ ಸಾಕು. ಕುಂದಾಪುರದಿಂದ ಆರೇಳು ಕಿಲೋಮೀಟರು ಒಳಗಿರುವ ಬಸರೂರಿನಲ್ಲೂ ಇದೇ ಬಗೆಯ ಕೇರಿಗಳು. ವರ್ತಕರ ಸಂಘಕ್ಕೆ ಶಾಸನಗಳಲ್ಲಿ ‘ಹಲರು’ ಎಂಬ ಹೆಸರು. ಎಷ್ಟು ಶ್ರೀಮಂತ ಊರೆಂದರೆ, 1665ರ ಫೆಬ್ರುವರಿಯಲ್ಲಿ ಶಿವಾಜಿ ಸಮುದ್ರಮಾರ್ಗವಾಗಿ ನೌಕಾಪಡೆ ತಂದು ಇದನ್ನು ಲೂಟಿ ಮಾಡಿದ. ಹಿಂದಿರುಗುವಾಗ ಗೋಕರ್ಣದಲ್ಲಿ ಇಳಿದು ತೀರ್ಥಸ್ನಾನವನ್ನೂ ಮಾಡಿದ. ಈಗ ಬಸರೂರಿನ ಹೊಳೆದಂಡೆಯಲ್ಲಿ ನಿಂತವರಿಗೆ ಇಲ್ಲಿಗೆ ಹಡಗು ಬರುತ್ತಿತ್ತೆಂದು ನಂಬುವುದೇ ಕಷ್ಟ. ಅಳಿವೆಗಳಲ್ಲಿ ಹೂಳು ತುಂಬಿತು, ಹಡಗುಗಳು ದೊಡ್ಡವಾದವು, ವ್ಯಾಪಾರ ಬೇರೆ ಬಂದರುಗಳಿಗೆ ಸರಿಯಿತು. ಪಠ್ಯಪುಸ್ತಕದ ‘ಅವನತಿಗೆ ಕಾರಣಗಳು’ ಎಂಬ ಐದು ಅಂಕದ ಪ್ರಶ್ನೆ ಇಲ್ಲಿ ಕಣ್ಣಿಗೆ ಕಾಣುತ್ತದೆ.

ಭಟ್ಕಳವನ್ನು ಹೆಚ್ಚಿನವರು ಬಸ್ಸಿನ ಕಿಟಕಿಯಿಂದಷ್ಟೇ ನೋಡಿ ಮುರುಡೇಶ್ವರಕ್ಕೆ ಮುಂದುವರಿಯುತ್ತಾರೆ. ನಷ್ಟ ಅವರದೇ. ವಿಜಯನಗರದ ಸೈನ್ಯಕ್ಕೆ ಬೇಕಾದ ಅರಬ್ಬೀ ಕುದುರೆಗಳು ಇಳಿಯುತ್ತಿದ್ದ ಬಂದರುಗಳಲ್ಲಿ ಇದೊಂದು. ಅಕ್ಕಿ, ಸಕ್ಕರೆ, ಕಬ್ಬಿಣ ಇಲ್ಲಿಂದ ಹೊರಗೆ ಹೋಗುತ್ತಿದ್ದವು. ಖೇತಪೈ ನಾರಾಯಣ ದೇವಾಲಯದ ಹೊರಗೋಡೆಯಲ್ಲಿ ರಾಮಾಯಣ ಕಲ್ಲಿನಲ್ಲಿ ನಡೆಯುತ್ತದೆ. ಇಲ್ಲಿನ ಹಳೆಯ ಗುಡಿಗಳ ಮಾಡನ್ನೂ ನೋಡಬೇಕು. ಹಂಚಿನ ಮನೆಯ ಮಾಡಿನಂತೆ ಇಳಿಜಾರು, ಆದರೆ ಹಾಸಿರುವುದು ಕಲ್ಲು. ಈ ಮಳೆಯ ನಾಡಿನಲ್ಲಿ ದೇವರ ಮನೆಗೂ ನೀರು ಇಳಿದುಹೋಗುವ ಮಾಡೇ ಬೇಕು. ಅರಬ್ ವರ್ತಕರ ವಂಶದವರೆಂದು ಹೇಳಿಕೊಳ್ಳುವ ನವಾಯತರ ಓಣಿಗಳೂ ಇಲ್ಲೇ. ಅವರಾಡುವ ನವಾಯತಿಗೆ ಕೊಂಕಣಿಯ ಮೈ. ಅದರೊಳಗೆ ಅರಬ್ಬೀ, ಪಾರಸಿ ಪದಗಳು. ಕಿವಿಗೊಟ್ಟರೆ ಬಂದರಿನ ಚರಿತ್ರೆ ಅಂಗಡಿಯ ಮಾತುಕತೆಯಲ್ಲೂ ಸಿಗುತ್ತದೆ.

ಹೊನ್ನಾವರದಲ್ಲಿ ಮಾತ್ರ ಎರಡು ದಿನ ಇರಬೇಕು. ಹದಿನಾಲ್ಕನೆಯ ಶತಮಾನದಲ್ಲಿ ಇಲ್ಲಿಗೆ ಬಂದ ಮೊರಾಕ್ಕೋದ ಪ್ರವಾಸಿ ಇಬ್ನ್ ಬತೂತ ಬರೆದಿಟ್ಟಿದ್ದಾನೆ: ಊರು ಸಮುದ್ರದಿಂದ ಅರ್ಧ ಮೈಲಿ ಒಳಗೆ, ಹಡಗುಗಳು ಬರಬಲ್ಲ ಹಿನ್ನೀರಿನ ದಂಡೆಯಲ್ಲಿದೆ, ಜನಕ್ಕೆ ಉಳುವ ಭೂಮಿಯಿಲ್ಲ, ಕಡಲ ವ್ಯಾಪಾರವೇ ಬದುಕು. ಅವನನ್ನು ಬೆರಗುಗೊಳಿಸಿದ್ದು ಇನ್ನೊಂದು ಸಂಗತಿ. ಊರಿನಲ್ಲಿ ಹುಡುಗರಿಗೆ 23 ಶಾಲೆಗಳಿದ್ದವು, ಹುಡುಗಿಯರಿಗೆ 13. ಇಂಥದ್ದನ್ನು ತಾನು ಬೇರೆಲ್ಲೂ ಕಂಡಿಲ್ಲ ಎನ್ನುತ್ತಾನೆ. ಅರ್ಧ ಲೋಕವನ್ನೇ ಸುತ್ತಿದವನ ಮಾತು ಅದು! ಮಗಳನ್ನು ಪ್ರವಾಸಕ್ಕೆ ಕಳಿಸಲೋ ಬೇಡವೋ ಎಂದು ಯೋಚಿಸುತ್ತಿರುವ ಅಪ್ಪಂದಿರು ಈ ಹದಿಮೂರನ್ನು ಒಮ್ಮೆ ನೆನೆಯಬಹುದು.

ಅದೇ ಶರಾವತಿಯ ದಂಡೆ ಹಿಡಿದು ಬಸ್ಸಿನಲ್ಲಿ ಮೇಲೆ ಹೋದರೆ ಗೇರುಸೊಪ್ಪೆ. ನಗರಬಸ್ತಿಕೇರಿಯ ಕಾಡಿನ ನಡುವೆ ಚತುರ್ಮುಖ ಬಸದಿ. ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲು. ಈ ಸೀಮೆಯನ್ನು ಐವತ್ತು ವರ್ಷಕ್ಕೂ ಮೀರಿ ಆಳಿದವಳು ಚೆನ್ನಭೈರಾದೇವಿ. ಪೋರ್ಚುಗೀಸರು ಅವಳನ್ನು ಮೆಣಸಿನ ರಾಣಿ ಎಂದು ಕರೆದರು. ಅವಳ ಮೆಣಸು ಇದೇ ಹೊಳೆಯಲ್ಲಿ ತೇಲಿ ಅಳಿವೆ ಸೇರಿ ಯುರೋಪಿನ ಅಡುಗೆಮನೆಗೆ ಹೋಯಿತು. ಹೊನ್ನಾವರದಲ್ಲಿ ಈಗ ಅದೇ ಹೊಳೆಯ ಮೇಲೆ ಕೊಂಕಣ ರೈಲಿನ ಎರಡು ಕಿಲೋಮೀಟರಿಗೂ ಉದ್ದದ ಸೇತುವೆಯಿದೆ. ಆ ಮಾರ್ಗದಲ್ಲೇ ಅತಿ ಉದ್ದದ್ದು. 1998ರ ಜನವರಿಯಲ್ಲಿ ಈ ರೈಲುಮಾರ್ಗ ಪೂರ್ತಿಯಾದ ಮೇಲೆ ಬಾರಕೂರು, ಕುಂದಾಪುರ, ಭಟ್ಕಳ, ಹೊನ್ನಾವರ, ಕುಮಟಾ, ಗೋಕರ್ಣ ರೋಡ್ ಎಲ್ಲವೂ ಒಂದೇ ದಾರದ ಮಣಿಗಳಾದವು.

ಇನ್ನು ಹೆತ್ತವರ ಭಯದ ವಿಷಯ. ಹಡಗನ್ನು ಒಳಗೆ ತಂದು ಹೊರಗೆ ಒಯ್ದ ನೀರೇ ಮನುಷ್ಯನನ್ನೂ ಒಯ್ಯಬಲ್ಲದು. ಇಳಿತದ ಹೊತ್ತಿನಲ್ಲಿ ಅಳಿವೆಯ ಬಳಿ ಹೊಳೆಯ ನೀರೂ ಭರತದ ನೀರೂ ಒಟ್ಟಾಗಿ ಕಡಲಿಗೆ ನುಗ್ಗುತ್ತವೆ. ಅಲ್ಲಿ ಈಜು ಬಲ್ಲವರೂ ಇಳಿಯಬಾರದು. ತೆರೆದ ಕಡಲತೀರದಲ್ಲಿ ಇನ್ನೊಂದು ಅಪಾಯವಿದೆ. ಅಲೆಗಳು ದಡಕ್ಕೆ ತಂದು ಸುರಿದ ನೀರು ಹಿಂದೆ ಹೋಗಲೇಬೇಕಲ್ಲ? ಅದು ಕೆಲವೆಡೆ ಇಕ್ಕಟ್ಟಾದ ಕಾಲುವೆಯಂತೆ ರಭಸದಿಂದ ಹಿಂದಕ್ಕೆ ಹರಿಯುತ್ತದೆ. ಅದೇ ಸೆಳೆತ. ಮೋಸವೇನೆಂದರೆ, ಆ ಜಾಗದಲ್ಲಿ ಅಲೆ ಒಡೆಯುವುದು ಕಡಿಮೆ. ನೋಡಲು ಅದೇ ಶಾಂತವಾಗಿ ಕಾಣುತ್ತದೆ. ಹೊಸಬರು ಅಲ್ಲೇ ಇಳಿಯುತ್ತಾರೆ. ಸಿಕ್ಕಿಬಿದ್ದವರು ದಡದ ಕಡೆಗೇ ಈಜಿ ಸೋತುಹೋಗುತ್ತಾರೆ. ಹಾಗೆ ಮಾಡದೆ ದಡಕ್ಕೆ ಸಮನಾಗಿ ಪಕ್ಕಕ್ಕೆ ಸರಿದರೆ ಸೆಳೆತ ಸಡಿಲುತ್ತದೆ. ಆಮೇಲೆ ಅಲೆಯ ಜೊತೆ ಬರಬಹುದು. ಅದೂ ಆಗದಿದ್ದರೆ ಅಂಗಾತ ತೇಲುತ್ತ ಕೈಯೆತ್ತಿ ಕೂಗಬೇಕು. ಈಜು ಬಾರದವರಿಗೆ ಇದಾವುದೂ ಬೇಡ, ಪಾದ ತೊಯ್ಯುವಷ್ಟು ನೀರು ಸಾಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಯಾರಿಗೂ ಬೇಡ. ಜೂನ್, ಜುಲೈ ತಿಂಗಳಲ್ಲಿ ಯಾಂತ್ರಿಕ ದೋಣಿಗಳೇ ಮೀನುಗಾರಿಕೆ ನಿಷೇಧದಿಂದಾಗಿ ದಡದಲ್ಲಿರುತ್ತವೆ. ಕಾಲೇಜು ಹುಡುಗರಿಗೆ ಏನು ಅವಸರ?

ಭರತ ಯಾವಾಗ, ಇಳಿತ ಯಾವಾಗ ಎಂದು ತಿಳಿಯಲು ದಂಡೆಯಲ್ಲಿ ಬಲೆ ಹೆಣೆಯುತ್ತ ಕುಳಿತ ಅಜ್ಜನನ್ನು ಕೇಳಿದರಾಯಿತು. ಅವರು ತಿಥಿ ಎಣಿಸಿ ಹೇಳುತ್ತಾರೆ. ದಿನಕ್ಕೆ ಎರಡು ಭರತ, ಎರಡು ಇಳಿತ, ನಾಳೆ ಇದೇ ಭರತ ಸುಮಾರು ಐವತ್ತು ನಿಮಿಷ ತಡ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಏರಿಳಿತ ಹೆಚ್ಚು. ಭೌತಶಾಸ್ತ್ರದ ಮೇಷ್ಟರು ಕಪ್ಪುಹಲಗೆಯ ಮೇಲೆ ಚಂದ್ರನನ್ನು ಬರೆದು ಹೇಳಿದ್ದೂ ಇದನ್ನೇ.

ಈ ಲೆಕ್ಕ ಬದುಕಾಗಿ ಕಾಣುವುದು ಅಘನಾಶಿನಿಯಲ್ಲಿ. ಈ ಹೊಳೆಗೆ ದೊಡ್ಡ ಅಣೆಕಟ್ಟೆಯಿಲ್ಲ. ಕುಮಟಾದಿಂದ ಮಿರ್ಜಾನಿಗೆ ಹೋಗಿ, ಪಾಚಿ ಹತ್ತಿದ ಕೆಂಪು ಕಲ್ಲಿನ ಕೋಟೆಯನ್ನು ಸುತ್ತಿ, ಹಿನ್ನೀರಿನ ಬದಿಗೆ ಬಂದರೆ ಗಜನಿ ಭೂಮಿ. ಉಪ್ಪುನೀರನ್ನು ತಾಳಿಕೊಳ್ಳುವ ಕಗ್ಗ ಎಂಬ ಭತ್ತ ಬೆಳೆಯುವ ಗದ್ದೆಗಳಿವು; ಬೆಳೆಯುವವರು ಈಗ ಕಡಿಮೆಯಾಗಿದ್ದಾರೆ. ನೀರು ಇಳಿದ ಹೊತ್ತಿಗೆ ಹೆಂಗಸರು, ಗಂಡಸರು ಬುಟ್ಟಿ ಹಿಡಿದು ಕೆಸರಿಗಿಳಿದು ಬಳಚು ಆರಿಸುತ್ತಾರೆ. ನೀರು ಏರುವ ಮೊದಲು ಮೇಲೆ ಬರುತ್ತಾರೆ. ಅವರ ಸೊಂಟದಲ್ಲಿ ಗಡಿಯಾರವಿಲ್ಲ.

ಚೀಲದ ಬಗ್ಗೆ ಎರಡು ಮಾತು. ಎರಡು ಜೊತೆ ಬಟ್ಟೆ, ಒಂದು ಟವೆಲ್, ಟಾರ್ಚು, ನೀರಿನ ಬಾಟಲಿ, ನೋಟುಬುಕ್ಕು. ಇದಕ್ಕಿಂತ ಹೆಚ್ಚಾದದ್ದನ್ನು ಮೂರನೆಯ ದಿನ ಶಪಿಸುತ್ತ ಹೊರಬೇಕಾಗುತ್ತದೆ. ರಾಜ್ಯದ ಹುಡುಗಿಯರಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ ಎಂಬ ಶಕ್ತಿ ಯೋಜನೆ 2023ರ ಜೂನಿನಲ್ಲಿ ಬಂತು. ಗುರುತಿನ ಚೀಟಿ ಮರೆಯಬಾರದು. ರಾತ್ರಿ ಎಲ್ಲಿ ತಂಗುತ್ತೇವೆ ಎಂಬುದನ್ನು ಸಂಜೆಯೊಳಗೆ ಮನೆಗೆ ತಿಳಿಸುವ ಒಪ್ಪಂದ ಹೊರಡುವ ಮುನ್ನವೇ ಆಗಿರಲಿ. ಪ್ರತಿ ಗಂಟೆಗೊಮ್ಮೆ ಫೋನು ಮಾಡದಿರುವ ಒಪ್ಪಂದ ಅಪ್ಪ ಅಮ್ಮನ ಕಡೆಯಿಂದ.

ಕೊನೆಯ ದಿನ ಅಘನಾಶಿನಿ ಎಂಬ ಊರಿನಿಂದ ಎದುರು ದಡದ ತದಡಿಗೆ ದೋಣಿಯಲ್ಲಿ ದಾಟಬೇಕು. ಎಡಕ್ಕೆ ಅಳಿವೆ, ಅದರಾಚೆ ಬೆಳ್ಳಗೆ ಒಡೆಯುವ ಅಲೆಗಳು. ಬಲಕ್ಕೆ ಮಿರ್ಜಾನಿನ ಕಡೆಯ ಹಿನ್ನೀರು. ಹಡಗಿನವರು ಕಂಡ ನೋಟ ಇದೇ. ತದಡಿಯಲ್ಲಿ ಇಳಿದರೆ ಮೀನಿನ ವಾಸನೆ, ಬಸ್ಸಿಗೆ ಕಾಯುವ ಜನ. ಗೋಕರ್ಣ ಅಲ್ಲಿಂದ ದೂರವಿಲ್ಲ. ದಾರಿಯಲ್ಲಿ ಸಾಣಿಕಟ್ಟೆಯ ಉಪ್ಪಿನ ಅಗರಗಳ ಕಡೆಗೂ ಒಂದು ಸುತ್ತು ಹೋಗಿ ಬಂದರೆ, ಓಂ ಬೀಚಿನ ಬಂಡೆಯ ಮೇಲೆ ಸೂರ್ಯ ಮುಳುಗುವ ಹೊತ್ತಿಗೆ ತಲುಪಬಹುದು. ಬಂಡೆ ಒದ್ದೆಯಿದ್ದರೆ ಜಾರುತ್ತದೆ; ಮೇಲಿನ ಒಣ ಬಂಡೆಯಲ್ಲೇ ಕೂರಬೇಕು.