ಓದದೆ ಹಾಕುವ ರುಜು

2024ನೆಯ ಇಸವಿ ಡಿಸೆಂಬರ್ 20ನೆಯ ತಾರೀಖು ಸರ್ವೋಚ್ಚ ನ್ಯಾಯಾಲಯದವರು ಕೊಟ್ಟ ಒಂದು ತೀರ್ಪು ನಮ್ಮ ಪಟ್ಟಣವಾಸಿಗಳ ಗಮನಕ್ಕೆ ಬರಬೇಕಾದಷ್ಟು ಬಂದಂತೆ ತೋರುವುದಿಲ್ಲ. ಕ್ರೆಡಿಟ್ ಕಾರ್ಡಿನ ಬಾಕಿಯನ್ನು ಗಡುವಿನೊಳಗೆ ಪೂರ್ತಿಯಾಗಿ ಸಲ್ಲಿಸದವರಿಂದ ವರ್ಷಕ್ಕೆ ನೂರಕ್ಕೆ 30ಕ್ಕೆ ಮೇಲ್ಪಟ್ಟ ಬಡ್ಡಿಯನ್ನು ವಸೂಲು ಮಾಡುವುದು ಅನುಚಿತ ವ್ಯಾಪಾರವೆಂದು ರಾಷ್ಟ್ರೀಯ ಗ್ರಾಹಕ ಆಯೋಗದವರು 2008ರ ಜುಲೈಯಲ್ಲಿ ತೀರ್ಮಾನಿಸಿದ್ದರು. ಬ್ಯಾಂಕುಗಳು ಮೇಲುಮನವಿ ಹೂಡಿದವು. ಆ ಆಜ್ಞೆ ಈಗ ರದ್ದಾಗಿದೆ. ಬಡ್ಡಿಯ ದರದ ವಿಚಾರವು ರಿಸರ್ವ್ ಬ್ಯಾಂಕಿಗೆ ಸೇರಿದ್ದು. ಷರತ್ತುಗಳನ್ನು ಕಾರ್ಡುದಾರನಿಗೆ ಮೊದಲೇ ತಿಳಿಸಿರುವುದರಿಂದ ಆಯೋಗವು ಕರಾರನ್ನು ತಿದ್ದಿ ಬರೆಯತಕ್ಕದ್ದಲ್ಲ. ಇದು ತೀರ್ಪಿನ ತಾತ್ಪರ್ಯ.

ತೀರ್ಪಿಗೆ ನಾವು ತಲೆಬಾಗುತ್ತೇವೆ. ಆದರೆ ಮೊದಲೇ ತಿಳಿಸಲಾಗಿದೆ ಎಂಬ ಮಾತನ್ನು ವಾಚಕರು ಎದೆಯ ಮೇಲೆ ಕೈಯಿಟ್ಟುಕೊಂಡು ವಿಚಾರ ಮಾಡಲಿ. ಮಳಿಗೆಯ ಬಾಗಿಲಲ್ಲಿ ನಿಂತ ಹುಡುಗನು ಚಾಚಿದ ಫಾರಮಿಗೆ ರುಜು ಹಾಕಿದವರಲ್ಲಿ, ಫೋನಿನಲ್ಲಿ 'ಒಪ್ಪಿಗೆ' ಎಂಬುದನ್ನು ಒತ್ತಿದವರಲ್ಲಿ, ಬಡ್ಡಿಯ ದರವನ್ನು ಓದಿದವರು ಎಷ್ಟು ಮಂದಿ? ಹುಡುಗನ ಮೇಲೆ ನಮಗೆ ಕೋಪವಿಲ್ಲ; ಫಾರಮು ತುಂಬಿಸುವುದು ಅವನ ಹೊಟ್ಟೆಪಾಡು. ಆದರೆ ಕಾನೂನಿನ ದೃಷ್ಟಿಯಲ್ಲಿ ಓದದೆ ಹಾಕಿದ ರುಜುವೂ ಓದಿ ಹಾಕಿದ ರುಜುವೂ ಒಂದೇ.

ಹಳ್ಳಿಯ ಸಾಹುಕಾರನು ಮಿತಿಮೀರಿದ ಬಡ್ಡಿ ತೆಗೆದುಕೊಂಡರೆ ಲೆಕ್ಕವನ್ನು ಮತ್ತೆ ತೆರೆದು ನೋಡಲು ನ್ಯಾಯಾಲಯಗಳಿಗೆ 1918ರ ಕಾಯಿದೆಯೇ ಅಧಿಕಾರ ಕೊಟ್ಟಿತ್ತು. ನಮ್ಮ ಸಂಸ್ಥಾನದ ಶಾಸನಸಭೆಯೂ ಅತಿಬಡ್ಡಿಯನ್ನು ನಿಷೇಧಿಸಿ 2004ರಲ್ಲಿ ಕಾನೂನು ಮಾಡಿದೆ. ಬ್ಯಾಂಕಿನ ವಿಷಯ ಬೇರೆ. ಬ್ಯಾಂಕು ಹಾಕಿದ ಬಡ್ಡಿ ಅತಿಯಾಯಿತೆಂಬ ಕಾರಣದಿಂದ ಯಾವ ನ್ಯಾಯಾಲಯವೂ ಲೆಕ್ಕವನ್ನು ಮತ್ತೆ ತೆರೆಯಲಾಗದೆಂಬ ಕಲಮನ್ನು 1984ರಲ್ಲಿ ಬ್ಯಾಂಕಿಂಗ್ ಕಾಯಿದೆಗೆ ಸೇರಿಸಲಾಯಿತು. ಆದಕಾರಣ ಸಾಲಗಾರನಿಗೆ ಬಾಗಿಲು ತೆರೆದಿರುವುದು ಅರ್ಜಿ ಹಾಕುವ ಮುನ್ನ ಮಾತ್ರ. ಆಮೇಲೆ ಬಡ್ಡಿ ಹೆಚ್ಚಾಯಿತೆಂದು ಗೋಳಾಡಿ ಫಲವಿಲ್ಲ.

ಆ ಬಡ್ಡಿಯಾದರೂ ಎಷ್ಟು? ಹಲವು ಬ್ಯಾಂಕುಗಳಲ್ಲಿ ತಿಂಗಳಿಗೆ ನೂರಕ್ಕೆ ಮೂರೂವರೆಯ ಆಸುಪಾಸು. ತಿಂಗಳ ಲೆಕ್ಕದಲ್ಲಿ ಹೇಳಿದಾಗ ಅಲ್ಪವೆನಿಸುವುದು ವರ್ಷಕ್ಕೆ ನೂರಕ್ಕೆ 42 ಆಗುತ್ತದೆ. ಐವತ್ತು ಸಾವಿರ ರೂಪಾಯಿ ಬಾಕಿಯುಳ್ಳ ಗುಮಾಸ್ತನೊಬ್ಬನು ತಿಂಗಳಿಗೆ ನೂರಕ್ಕೆ ಐದರಂತೆ 2,500 ರೂಪಾಯಿ ಮಾತ್ರ ಕಟ್ಟಿದನೆನ್ನೋಣ. ಮೊದಲ ತಿಂಗಳ ಬಡ್ಡಿ 1,750. ಅದರ ಮೇಲೆ ನೂರಕ್ಕೆ 18ರ ತೆರಿಗೆ 315. ಅಸಲಿಗೆ ಸಂದದ್ದು 435 ರೂಪಾಯಿ. ಮೇಲಾಗಿ, ಬಾಕಿ ಉಳಿಸಿಕೊಂಡವನಿಗೆ ನಲವತ್ತೈದು ಐವತ್ತು ದಿನಗಳ ಬಡ್ಡಿರಹಿತ ಸೌಕರ್ಯವೂ ತಪ್ಪುತ್ತದೆ. ಮರುದಿನ ಕೊಂಡ ಸಕ್ಕರೆಗೂ ಕೊಂಡ ದಿನದಿಂದಲೇ ಬಡ್ಡಿ. ಕಾರ್ಡಿನಿಂದ ನಗದು ತೆಗೆಯುವುದಂತೂ ಶುದ್ಧ ಅವಿವೇಕ. ಅದಕ್ಕೆ ಬಡ್ಡಿರಹಿತ ದಿನವೇ ಇಲ್ಲ.

ಇಂತಿರಲು ಯಾವ ಕಾರ್ಡು ಉತ್ತಮವೆಂಬ ಪ್ರಶ್ನೆಗಿಂತ, ತಾನು ಎಂಥ ಸಾಲಗಾರನೆಂಬ ಪ್ರಶ್ನೆ ಮೊದಲು ಏಳತಕ್ಕದ್ದು. ಪ್ರತಿ ತಿಂಗಳೂ ಪೂರ್ತಿ ಬಾಕಿ ತೀರಿಸಬಲ್ಲವನಿಗೆ ಕಾರ್ಡು ಉಪಕಾರವೇ ಸರಿ. ಅವನು ವಾರ್ಷಿಕ ಶುಲ್ಕವನ್ನೂ, ತನ್ನ ನಿತ್ಯದ ವೆಚ್ಚಕ್ಕೆ ಸಲ್ಲುವ ರಿಯಾಯಿತಿಯನ್ನೂ ನೋಡಿದರೆ ಸಾಕು. ಸಂಬಳವು ಇಪ್ಪತ್ತನೆಯ ತಾರೀಖಿಗೇ ಮುಗಿಯುವವನಿಗೆ ವಿಮಾನ ನಿಲ್ದಾಣದ ವಿಶ್ರಾಂತಿಗೃಹದ ಆಮಿಷವೇತಕ್ಕೆ? ಅವನು ಕಾರ್ಡನ್ನು ತೆಗೆದುಕೊಳ್ಳದಿರುವುದೇ ಲೇಸು; ತೆಗೆದುಕೊಳ್ಳಲೇಬೇಕಾದರೆ ಸ್ವಂತ ಠೇವಣಿಯ ಆಧಾರದ ಮೇಲೆ, ಅಲ್ಪ ಮಿತಿಯದನ್ನು ಪಡೆಯಲಿ.

ಅರ್ಜಿಗೆ ಮುನ್ನ ತನ್ನ ಸಾಲದ ಚರಿತ್ರೆಯನ್ನು ತಾನೇ ಓದಿಕೊಳ್ಳುವುದು ಯುಕ್ತ. ಸಿಬಿಲ್ ಮೊದಲಾದ ಸಂಸ್ಥೆಗಳು ವರ್ಷಕ್ಕೊಂದು ವರದಿಯನ್ನು ಉಚಿತವಾಗಿ ಕೊಡಬೇಕಾಗಿದೆ; 300ರಿಂದ 900ರವರೆಗಿನ ಅಂಕ ಅದರಲ್ಲಿರುತ್ತದೆ. ಒಂದೇ ವಾರದಲ್ಲಿ ಐದು ಬ್ಯಾಂಕುಗಳ ಬಾಗಿಲು ತಟ್ಟಿದರೆ ಐದು ವಿಚಾರಣೆಗಳೂ ಅಲ್ಲಿ ದಾಖಲಾಗಿ, ಆರನೆಯವನಿಗೆ ಸಂಶಯ ಹುಟ್ಟುತ್ತದೆ.

ರಿಸರ್ವ್ ಬ್ಯಾಂಕಿನವರು ಕಣ್ಣು ಮುಚ್ಚಿ ಕುಳಿತಿದ್ದಾರೆಂದು ನಾವು ಹೇಳುವುದಿಲ್ಲ. 2022ರ ಏಪ್ರಿಲಿನಲ್ಲಿ ಅವರು ಹೊರಡಿಸಿದ ನಿರ್ದೇಶಗಳಲ್ಲಿ, ಕೇಳದ ಕಾರ್ಡನ್ನು ಕಳುಹಿಸಿ ಹಣ ಎತ್ತಿದ ಬ್ಯಾಂಕು ಅದನ್ನು ಹಿಂತಿರುಗಿಸುವುದಲ್ಲದೆ ಅದರ ಎರಡರಷ್ಟು ದಂಡ ತೆರಬೇಕು. ಬಾಕಿಯಿಲ್ಲದ ಕಾರ್ಡನ್ನು ಮುಚ್ಚೆಂದರೆ ಏಳು ಕೆಲಸದ ದಿನಗಳಲ್ಲಿ ಮುಚ್ಚಬೇಕು, ತಪ್ಪಿದರೆ ದಿನಕ್ಕೆ 500 ರೂಪಾಯಿ. ಅರ್ಜಿ ತಿರಸ್ಕರಿಸಿದರೆ ಕಾರಣವನ್ನು ಬರೆದು ತಿಳಿಸಬೇಕು. ಬಡ್ಡಿ, ಶುಲ್ಕಗಳ ಮುಖ್ಯಾಂಶಗಳನ್ನು ಒಂದು ಪುಟದಲ್ಲಿ ಅರ್ಜಿಯೊಡನೆ ಕೊಡಬೇಕೆಂಬುದೂ ಅಲ್ಲಿಯೇ ಇದೆ. ಆ ಪುಟವನ್ನು ಕೇಳಿ ಪಡೆಯದೆ ಯಾರೂ ರುಜು ಹಾಕದಿರಲಿ.

ಷರತ್ತುಗಳ ಭಾಷೆಯ ವಿಷಯದಲ್ಲಿ ಮಾತ್ರ ಆ ನಿರ್ದೇಶಗಳ ಧ್ವನಿ ಕುಗ್ಗಿತು. ಸರಳ ಭಾಷೆಯಲ್ಲಿರಬೇಕು, ಇಂಗ್ಲಿಷು, ಹಿಂದಿ, ಸ್ಥಳೀಯ ಭಾಷೆ ಇವುಗಳಲ್ಲಿದ್ದರೆ ಲೇಸು, ಎಂದಷ್ಟೇ ಹೇಳಿದರು. ಕನ್ನಡ ಮಾತ್ರ ಬಲ್ಲ ಅಂಗಡಿಯವನಿಗೆ ಇಂಗ್ಲಿಷಿನ ಇಪ್ಪತ್ತು ಪುಟ ಕೊಟ್ಟು, ಅವನಿಗೆಲ್ಲವೂ ಮೊದಲೇ ತಿಳಿದಿತ್ತೆಂದು ಮುಂದೆ ವಾದಿಸುವುದು ನ್ಯಾಯವೆ? 'ಇದ್ದರೆ ಲೇಸು' ಎಂಬುದನ್ನು ತೆಗೆದು 'ಇರತಕ್ಕದ್ದು' ಎಂದು ಬರೆಯಲು ರಿಸರ್ವ್ ಬ್ಯಾಂಕಿನವರಿಗೆ ಯಾವ ಅಡ್ಡಿಯೂ ನಮಗೆ ಕಾಣುವುದಿಲ್ಲ.